ಮನೆಯನ್ನೆಳೆಯುವ ಬಂಡಿ: ಅಮೆರಿಕೆಯ ಹೆದ್ದಾರಿಗೆ ಟ್ರಕ್ಕಿನ ಆಯ್ಕೆ

ಅಮೆರಿಕೆಗೆ ಹೋಗಿಬರುವ ನಮ್ಮವರ ಕಣ್ಣಿಗೆ ಬೀಳುವ ಸೋಜಿಗಗಳಲ್ಲಿ ಹೆದ್ದಾರಿಯ ಮೇಲೆ ಓಡುವ ಮನೆಗಳೂ ಸೇರಿವೆ. ಬೇಸಿಗೆಯ ರಜೆ ಬಂದಿತೆಂದರೆ ಸಾಕು, ಕುಟುಂಬಗಳು ತಮ್ಮ ಟ್ರಕ್ಕಿನ ಬೆನ್ನಿಗೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಕಾಡು, ಕಣಿವೆ, ಸರೋವರಗಳನ್ನು ಅರಸಿ ಹೊರಡುತ್ತವೆ. ಮಲಗುವ ಮಂಚ, ಅಡುಗೆಯ ಒಲೆ, ಸ್ನಾನದ ಕೋಣೆ, ನೀರಿನ ತೊಟ್ಟಿ ಎಲ್ಲವೂ ಇರುವ ಈ ಗಾಡಿಗೆ ಅಲ್ಲಿ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಇದಕ್ಕೆ ಸ್ವಂತ ಯಂತ್ರವಿಲ್ಲ. ಇದನ್ನೆಳೆಯುವ ಟ್ರಕ್ಕು ನಮ್ಮ ಲಾರಿಯಂಥದೂ ಅಲ್ಲ. ಮುಂದೆ ಕಾರಿನಂತೆ ಆಸನಗಳೂ ಹಿಂದೆ ತೆರೆದ ತೊಟ್ಟಿಯೂ ಇರುವ ಪಿಕಪ್ ವಾಹನ.

ಈ ಸಂಚಾರಕ್ಕೆ ತೊಂಬತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1930ರ ದಶಕದಲ್ಲಿ ವ್ಯಾಲಿ ಬೈಯಮ್ ಎಂಬವರು ಏರ್‌ಸ್ಟ್ರೀಮ್ ಎಂಬ ಹೆಸರಿನ ಟ್ರೇಲರುಗಳನ್ನು ತಯಾರಿಸತೊಡಗಿದರು. 1936ರಲ್ಲಿ ಹೊರಬಂದ ಅವರ ಅಲ್ಯೂಮಿನಿಯಂ ಕವಚದ 'ಕ್ಲಿಪ್ಪರ್' ಇಂದಿಗೂ ಹೆಸರುವಾಸಿ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಗಗನಯಾತ್ರಿಗಳನ್ನು ಕೆಲವು ದಿನ ಪ್ರತ್ಯೇಕವಾಗಿ ಇರಿಸಿದ್ದೂ ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರಿನಲ್ಲಿಯೇ. ಈಗ ಆ ದೇಶದ ಬಹುಪಾಲು ಮನೆಗಾಡಿಗಳು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ.

ಅಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ಈ ಬಗೆಯ ಪ್ರವಾಸ ಒಗ್ಗುವುದಕ್ಕೆ ಕಾರಣಗಳುಂಟು. ಊರಿನಿಂದ ಬಂದ ಹಿರಿಯರಿಗೆ ದಾರಿಯ ಉಪಾಹಾರ ಗೃಹಗಳ ಊಟ ಸೇರದು. ಬೆಳಗಿನ ಸ್ನಾನಕ್ಕೆ, ಇಷ್ಟಲಿಂಗ ಪೂಜೆಗೆ ಶುಚಿಯಾದ ಒಂದು ಮೂಲೆ ಬೇಕು. ಮಧ್ಯಾಹ್ನಕ್ಕೆ ರೊಟ್ಟಿಯೋ ಅನ್ನ ಸಾರೋ ಆದರೆ ಸಮಾಧಾನ. ಮನೆಯೇ ಜೊತೆಗೆ ಬಂದರೆ ಇವೆಲ್ಲ ಸುಲಭ. ಆದರೆ ಆ ಮನೆಯನ್ನು ಎಳೆಯತಕ್ಕ ಟ್ರಕ್ಕು ಯಾವುದು? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಟ್ರೇಲರು ಓಡುತ್ತಿರುವಾಗ ಅದರೊಳಗೆ ಜನ ಕುಳಿತಿರುವುದನ್ನು ಅನೇಕ ರಾಜ್ಯಗಳ ಕಾನೂನು ನಿಷೇಧಿಸುತ್ತದೆ. ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಗು ಎಲ್ಲರೂ ಟ್ರಕ್ಕಿನಲ್ಲಿಯೇ ಕುಳಿತಿರಬೇಕು. ಆದ್ದರಿಂದ ಟ್ರಕ್ಕಿನ ಆಯ್ಕೆಯೆಂದರೆ ಇಡೀ ಕುಟುಂಬದ ಕ್ಷೇಮದ ವಿಚಾರ.

ಜಾಹೀರಾತಿನ ಅಂಕಿ, ಬಾಗಿಲಿನ ಚೀಟಿ

ಟ್ರಕ್ಕುಗಳನ್ನು ಅಲ್ಲಿ ಅರ್ಧ ಟನ್ನು, ಮುಕ್ಕಾಲು ಟನ್ನು, ಒಂದು ಟನ್ನು ಎಂದು ವಿಂಗಡಿಸುವ ರೂಢಿಯಿದೆ. ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ 1500, ರಾಮ್ 1500 ಇವು ಮೊದಲ ವರ್ಗಕ್ಕೂ ಎಫ್-250, ಸಿಲ್ವರಾಡೊ 2500, ರಾಮ್ 2500 ಇವು ಎರಡನೆಯ ವರ್ಗಕ್ಕೂ ಸೇರಿದವು. ಹಿಂದೆ ಈ ಹೆಸರುಗಳು ಹೊರುವ ಭಾರವನ್ನು ಸೂಚಿಸುತ್ತಿದ್ದವು. ಈಗ ಉಳಿದಿರುವುದು ಹೆಸರು ಮಾತ್ರ, ಹೊರುವ ಶಕ್ತಿ ಅದಕ್ಕಿಂತ ಹೆಚ್ಚು.

ಅರ್ಧ ಟನ್ನಿನ ಟ್ರಕ್ಕು 5,000 ಕಿಲೋಗ್ರಾಂ ಎಳೆಯಬಲ್ಲದೆಂದು ಜಾಹೀರಾತು ಹೇಳುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ನಮ್ಮ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಎತ್ತಿನ ಗಾಡಿಗೆ ಹೇರು ಹೇರುವಾಗ ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಟ್ರೇಲರಿನದೂ ಇದೇ ನ್ಯಾಯ. ಅದರ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಟ್ರಕ್ಕಿನ ಹಿಂಬದಿಯ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಹಾವಿನ ಬಾಲದಂತೆ ತೂಗಾಡತೊಡಗಿ ಟ್ರಕ್ಕನ್ನೂ ಎಳೆದಾಡುತ್ತದೆ. ಹೀಗೆ ಕೊಂಡಿಯ ಮೇಲೆ ಕೂತ ಭಾರವನ್ನು ಟ್ರಕ್ಕು ಹೊರಬೇಕೇ ಹೊರತು ಎಳೆಯುವುದಲ್ಲ.

ಪ್ರತಿ ಟ್ರಕ್ಕಿನ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸರಕು ಸೇರಿ ಎಷ್ಟು ತೂಕವನ್ನು ಮೀರಬಾರದೆಂದು ಅದರಲ್ಲಿ ಮುದ್ರಿತವಾಗಿರುತ್ತದೆ. ಒಂದು ಅರ್ಧ ಟನ್ನಿನ ಟ್ರಕ್ಕಿನ ಚೀಟಿಯಲ್ಲಿ 680 ಕಿಲೋಗ್ರಾಂ ಎಂದಿದೆಯೆನ್ನೋಣ. ಎಳೆಯಬೇಕಾದ ಟ್ರೇಲರು ನೀರು, ಪಾತ್ರೆ, ಬಟ್ಟೆಬರೆ ಸಹಿತ 3,200 ಕಿಲೋಗ್ರಾಂ. ಅದರ ನೂರಕ್ಕೆ 13 ಪಾಲು, ಅಂದರೆ 416 ಕಿಲೋಗ್ರಾಂ, ಕೊಂಡಿಯ ಮೇಲೆ ಬಂದಿತು. ಭಾರವನ್ನು ಮುಂದಿನ ಗಾಲಿಗಳಿಗೂ ಹಂಚುವ ವಿಶೇಷ ಕೊಂಡಿಯ ತೂಕ 40. ಐದು ಜನರ ತೂಕ 300. ಟ್ರಕ್ಕಿನಲ್ಲಿಟ್ಟ ಸಾಮಾನು 60. ಕೂಡಿದರೆ 816 ಕಿಲೋಗ್ರಾಂ! ಐದು ಸಾವಿರ ಎಳೆಯಬಲ್ಲ ಟ್ರಕ್ಕು ಮೂರು ಸಾವಿರದ ಇನ್ನೂರರ ಗಾಡಿಗೇ 136 ಕಿಲೋಗ್ರಾಂ ಮಿತಿ ಮೀರಿತು. ಟಯರು, ಸ್ಪ್ರಿಂಗು, ಬ್ರೇಕುಗಳ ಮೇಲೆ ಈ ಹೆಚ್ಚಳ ದಿನವಿಡೀ ಒತ್ತುತ್ತಿರುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಮುಕ್ಕಾಲು ಟನ್ನಿನ ಟ್ರಕ್ಕನ್ನು ಕೊಳ್ಳುವುದು ಒಂದು. ಆದರೆ ಅದರ ಬೆಲೆ ಹೆಚ್ಚು, ನಿತ್ಯದ ಓಡಾಟದಲ್ಲಿ ಕುಲುಕಾಟವೂ ಹೆಚ್ಚು. ಡೀಸೆಲ್ ಯಂತ್ರವಾದರೆ ಅದರ ಸ್ವಂತ ತೂಕವೇ ಹೊರುವ ಶಕ್ತಿಯಲ್ಲಿ ಒಂದು ಪಾಲನ್ನು ನುಂಗುತ್ತದೆ. ಮನೆಯನ್ನೇ ಚಿಕ್ಕದು ಮಾಡುವುದು ಇನ್ನೊಂದು. 2,000 ಕಿಲೋಗ್ರಾಮಿನ ಟ್ರೇಲರಾದರೆ ಕೊಂಡಿಯ ಭಾರ 260ಕ್ಕೆ ಇಳಿದು ಒಟ್ಟು ಲೆಕ್ಕ 660ರಲ್ಲಿ ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಅಮೆರಿಕೆಯಲ್ಲಿಯೂ ಸುಳ್ಳಾಗದು.

ಏರು ಮತ್ತು ಇಳಿಜಾರು

ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ತನ್ನ ಟ್ರಕ್ಕಿನ ಶಕ್ತಿಯನ್ನು ಹೇಳಿಕೊಳ್ಳುತ್ತಿತ್ತು. 2008ರಲ್ಲಿ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಜೆ2807 ಎಂಬ ಸಮಾನ ಮಾನದಂಡವನ್ನು ಪ್ರಕಟಿಸಿತು. ಅದರ ಕಠಿಣ ಪರೀಕ್ಷೆಗಳಲ್ಲೊಂದಕ್ಕೆ ಅರಿಜೋನಾ ರಾಜ್ಯದ ಡೇವಿಸ್ ಅಣೆಕಟ್ಟಿನ ಬಳಿಯ ಏರುದಾರಿಯೇ ಮಾದರಿ. ಕೊಲೊರಾಡೊ ನದಿಯ ದಡದಿಂದ ಮರುಭೂಮಿಯ ಬೆಟ್ಟವನ್ನೇರುವ ಈ ದಾರಿ ಸುಮಾರು 18 ಕಿಲೋಮೀಟರಿನಲ್ಲಿ ಸುಮಾರು 900 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಉರಿಬಿಸಿಲಿನಲ್ಲಿ, ಒಳಗೆ ತಂಪಿನ ಯಂತ್ರವನ್ನು ಪೂರ್ತಿಯಾಗಿ ನಡೆಸುತ್ತ, ಟ್ರಕ್ಕು ತನ್ನ ಪೂರ್ಣ ಹೊರೆಯನ್ನು ಎಳೆದು ಏರಬೇಕು. ಟ್ರಕ್ಕುಗಳನ್ನು ಹೋಲಿಸುವವರು ಈ ಮಾನದಂಡದಂತೆ ಅಳೆದ ಅಂಕಿಯನ್ನೇ ಕೇಳಬೇಕು.

ಡೆನ್ವರ್ ನಗರದಿಂದ ಪಶ್ಚಿಮಕ್ಕೆ 70ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಸಾಗುವವರಿಗೆ ಇನ್ನೊಂದು ಪಾಠ ಕಾದಿದೆ. ಅಲ್ಲಿಯ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಷ್ಟೆತ್ತರದಲ್ಲಿ ಗಾಳಿ ವಿರಳ. ಟರ್ಬೊ ಇಲ್ಲದ ಪೆಟ್ರೋಲ್ ಯಂತ್ರ ಪ್ರತಿ 300 ಮೀಟರಿಗೆ ತನ್ನ ಶಕ್ತಿಯಲ್ಲಿ ಸುಮಾರು ನೂರಕ್ಕೆ 3 ಪಾಲನ್ನು ಕಳೆದುಕೊಳ್ಳುತ್ತದೆ. ಸುರಂಗದ ಬಾಯಿಗೆ ಬರುವಾಗ ಮೂರರಲ್ಲೊಂದು ಭಾಗ ಹೋಗಿರುತ್ತದೆ. ಟರ್ಬೊ ಉಳ್ಳ ಯಂತ್ರಕ್ಕೆ ಈ ನಷ್ಟ ಬಹಳ ಕಡಿಮೆ. ಪರ್ವತ ಪ್ರದೇಶಕ್ಕೆ ಹೋಗುವವರು ಇದನ್ನು ಗಮನಿಸಿಯೇ ಯಂತ್ರವನ್ನು ಆರಿಸಬೇಕು.

ಏರುವುದಕ್ಕಿಂತ ಇಳಿಯುವುದು ಕಠಿಣ. ಸುರಂಗ ದಾಟಿದೊಡನೆ ಸಿಲ್ವರ್‌ಥಾರ್ನ್ ಪಟ್ಟಣದತ್ತ ಕಡಿದಾದ ಇಳಿಜಾರು ಆರಂಭವಾಗುತ್ತದೆ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲುವುದಕ್ಕಾಗಿ ಪಕ್ಕದಲ್ಲಿ ಏರುದಿಬ್ಬಗಳನ್ನೇ ನಿರ್ಮಿಸಿದ್ದಾರೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ನಮ್ಮ ಚಾರ್ಮಾಡಿ, ಆಗುಂಬೆ ಘಾಟಿಗಳ ಚಾಲಕರು ಪಾಲಿಸುವ ನಿಯಮ ಇಲ್ಲಿಯೂ ಸಲ್ಲುತ್ತದೆ. ಭಾರವಾದ ಡೀಸೆಲ್ ಟ್ರಕ್ಕುಗಳಲ್ಲಿ ಹೊಗೆಯನ್ನು ತಡೆದು ಯಂತ್ರದಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕು ಇರುತ್ತದೆ. ಇಳಿಜಾರಿನಲ್ಲಿ ಅದು ದೊಡ್ಡ ಆಸರೆ. ಟ್ರೇಲರಿಗೆ ಅದರದೇ ಆದ ಬ್ರೇಕೂ, ಚಾಲಕನ ಕೈಯಳವಿನಲ್ಲಿ ಅದರ ನಿಯಂತ್ರಕವೂ ಇರಲೇಬೇಕು. ವಿದ್ಯುತ್ ಟ್ರಕ್ಕುಗಳ ಎಳೆತವೇನೋ ಬಲವಾದುದು. ಆದರೆ ದೊಡ್ಡ ಟ್ರೇಲರನ್ನು ಕಟ್ಟಿದಾಗ ಒಂದು ಚಾರ್ಜಿನಲ್ಲಿ ಓಡುವ ದೂರ ಅರ್ಧದಷ್ಟಕ್ಕೆ ಕುಗ್ಗುತ್ತದೆ.

ದೊಡ್ಡ ಟ್ರಕ್ಕೇ ಸದಾ ಉತ್ತಮವೆಂದೂ ತಿಳಿಯಬಾರದು. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 'ಗೋಯಿಂಗ್ ಟು ದ ಸನ್' ಎಂಬ ರಮಣೀಯ ಪರ್ವತಮಾರ್ಗವಿದೆ. ಅದರ ಕಡಿದಾದ ಭಾಗದಲ್ಲಿ 21 ಅಡಿಗಿಂತ ಉದ್ದವಾದ ವಾಹನಗಳಿಗೆ ಪ್ರವೇಶವಿಲ್ಲ. ಟ್ರೇಲರನ್ನು ಶಿಬಿರದಲ್ಲಿ ಬಿಟ್ಟು ಹೊರಟರೂ, ಉದ್ದ ತೊಟ್ಟಿಯ ದೊಡ್ಡ ಟ್ರಕ್ಕು ಈ ಮಿತಿಯನ್ನು ಮೀರುವುದುಂಟು. ಹಾಗೆಯೇ ಎತ್ತರದ ಟ್ರಕ್ಕಿಗೆ ಹತ್ತುವುದು ಮೊಣಕಾಲು ನೋವಿನ ಹಿರಿಯರಿಗೆ ಸುಲಭವಲ್ಲ. ಕಾಲಿಡುವ ಪಕ್ಕದ ಮೆಟ್ಟಿಲು, ಹಿಡಿಕೆ, ಹಿಂದಿನ ಸಾಲಿನಲ್ಲಿ ಕಾಲು ಚಾಚಲು ಅವಕಾಶ ಇವನ್ನು ಕೊಳ್ಳುವ ಮುನ್ನ ಹಿರಿಯರನ್ನೇ ಕೂರಿಸಿ ನೋಡುವುದು ಲೇಸು.

ಕೊನೆಯದಾಗಿ, ಅಂದಾಜನ್ನು ನಂಬದೆ ತೂಗಿ ನೋಡಬೇಕು. ಹೆದ್ದಾರಿಯ ಲಾರಿ ತಂಗುದಾಣಗಳಲ್ಲಿ ವಾಹನ ತೂಗುವ ತಕ್ಕಡಿಗಳಿವೆ. ಪ್ರವಾಸಕ್ಕೆ ಸಿದ್ಧವಾದ ಟ್ರಕ್ಕು ಟ್ರೇಲರುಗಳನ್ನು, ಎಲ್ಲರೂ ಕುಳಿತಿರುವಾಗಲೇ, ಸಣ್ಣ ಶುಲ್ಕ ಕೊಟ್ಟು ತೂಗಿಸಬಹುದು. ನೀರು ಲೀಟರಿಗೆ ಒಂದು ಕಿಲೋಗ್ರಾಂ; 150 ಲೀಟರಿನ ತೊಟ್ಟಿ ತುಂಬಿದರೆ ಇಬ್ಬರು ವಯಸ್ಕರಷ್ಟು ಭಾರ ಏರಿತೆಂದು ನೆನಪಿಡಬೇಕು. ಮಕ್ಕಳು ವಿದೇಶದಲ್ಲಿದ್ದು ಇಂತಹ ಪ್ರವಾಸಕ್ಕೆ ಕರೆದರೆ ತಂದೆತಾಯಿಗಳು ಸಂತೋಷದಿಂದ ಹೊರಡಲಿ. 'ಬಾಗಿಲಿನ ಚೀಟಿ ಓದಿದೆಯೇನಪ್ಪಾ, ಗಾಡಿ ತೂಗಿಸಿದೆಯಾ?' ಎಂದು ಹೊರಡುವ ಮುನ್ನ ಒಂದು ಮಾತು ಕೇಳಲಿ. ಹೇರಿನ ಅಳತೆ ಬಲ್ಲ ಮನೆತನದ ಹಿರಿಯರು ಹಾಗೆ ಕೇಳಿದರೆ ಅದು ಅಧಿಕಪ್ರಸಂಗವೆನಿಸದು.