ಜೋಮು ಅಂತ ಸುಮ್ಮನಿರಬೇಡಿ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಡುವೆ ಸಾಮಾನಿನ ವ್ಯಾನ್ ಓಡಿಸೋದು ನನ್ನ ಕೆಲಸ. ಡಲ್ಲಾಸಿನಿಂದ ಹ್ಯೂಸ್ಟನ್‌ಗೆ ಐ-45ರಲ್ಲಿ ಸುಮಾರು 240 ಮೈಲಿ. ಬೇಗ ಮುಗಿಸಿದರೆ ಬೇಗ ಮನೆ ಅಂತ ನಾನು ಎಲ್ಲೂ ನಿಲ್ಲಿಸುತ್ತಿರಲಿಲ್ಲ. ಕ್ರೂಸ್ ಕಂಟ್ರೋಲ್ ಹಾಕಿ, ಬಲ ಮೊಣಕಾಲನ್ನು ಪಕ್ಕದ ಕನ್ಸೋಲಿಗೆ ಒರಗಿಸಿ, ಎಡ ಮೊಣಕೈ ಕಿಟಕಿಯ ಅಂಚಿಗೆ ಊರಿ ಕೂತರೆ ಮುಗೀತು.

ಕಳೆದ ಚಳಿಗಾಲದ ಒಂದು ಮುಂಜಾನೆ ಮ್ಯಾಡಿಸನ್‌ವಿಲ್‌ನಲ್ಲಿ ಗ್ಯಾಸ್ ಹಾಕೋಕೆ ಇಳಿದೆ. ಬಲಪಾದ ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ. ಪಂಪಿನ ಪಕ್ಕ ದಬಕ್ಕನೆ ಬಿದ್ದೆ. ಬಿದ್ದದ್ದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ: ಎರಡು ನಿಮಿಷದ ಹಿಂದೆ ಇದೇ ಕಾಲು ಬ್ರೇಕ್ ಮೇಲಿತ್ತು!

ಊರಲ್ಲಿ ಪಂಕ್ತಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಜೋಮು ಹಿಡೀತಿತ್ತು. ಅಜ್ಜಿ ಹೆಬ್ಬೆರಳು ಹಿಡಿದು ಎಳೆಯೋರು, "ರಕ್ತ ನಿಂತಿದೆ ಕಣೋ" ಅನ್ನೋರು. ಅದು ಅರ್ಧ ನಿಜ. ಒತ್ತಡ ಬೀಳೋದು ನರದ ಮೇಲೆ. ನರಕ್ಕೂ ಅದರದ್ದೇ ಸಣ್ಣ ರಕ್ತನಾಳಗಳಿವೆ. ಅವು ಅದುಮಿಕೊಂಡರೆ ನರಕ್ಕೆ ಆಮ್ಲಜನಕ ಸಿಗದೆ ಸುದ್ದಿ ಸಾಗಿಸೋದು ನಿಲ್ಲುತ್ತೆ. ಕಾಲು ಮರಗಟ್ಟುತ್ತೆ. ಒತ್ತಡ ಬಿಟ್ಟಾಗ ನರ ಎಚ್ಚೆತ್ತು ತಾನಾಗೇ ಎರ್ರಾಬಿರ್ರಿ ಸಂಕೇತ ಕಳಿಸುತ್ತೆ. ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ ಅನ್ನಿಸೋದು ಅದೇ.

ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತೆ. ಅದನ್ನು ಸುತ್ತಿಕೊಂಡು ಚರ್ಮದ ಕೆಳಗೇ ಪೆರೋನಿಯಲ್ ನರ ಹೋಗುತ್ತೆ. ಪಾದವನ್ನು ಮೇಲಕ್ಕೆತ್ತೋದು ಅದರ ಕೆಲಸ. ನನ್ನ ಕನ್ಸೋಲ್ ಒತ್ತುತ್ತಿದ್ದದ್ದು ಸರಿಯಾಗಿ ಅಲ್ಲಿಗೇ. ಕಿಟಕಿ ಅಂಚು ಒತ್ತುತ್ತಿದ್ದದ್ದು ಮೊಣಕೈಯ ಅಲ್ನರ್ ನರವನ್ನು. ಕಿರುಬೆರಳು, ಉಂಗುರ ಬೆರಳು ಜುಮುಜುಮು ಅನ್ನುತ್ತಿದ್ದದ್ದು ಅದಕ್ಕೇ. ಡೆಸ್ಕಿಗೆ ಮೊಣಕೈ ಊರಿ ಕೂರುವ ಆಸ್ಟಿನ್ ಗೆಳೆಯರಿಗೂ ಈ ಮಾತು ಅನ್ವಯ.

ಕಾಲು ಐದು ನಿಮಿಷದಲ್ಲಿ ಸರಿಹೋಯ್ತು. ಆದರೂ ಡಾಕ್ಟರ ಹತ್ತಿರ ಹೋದೆ. ಕಾರಣ ನಮ್ಮಪ್ಪ. ಅವರಿಗೆ ಸಕ್ಕರೆ ಕಾಯಿಲೆ. ಪಾದ ಜುಮುಜುಮು ಅನ್ನುತ್ತೆ ಅಂತ ಫೋನಿನಲ್ಲಿ ಹೇಳಿದಾಗ, "ಜೋಮು ಅಷ್ಟೇ ಅಪ್ಪಾ" ಅಂದವನು ನಾನೇ. ಮುಂದೆ ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ಗಾಯ ಕೊಳೆತು ಒಂದು ಬೆರಳು ತೆಗೆಸಬೇಕಾಯ್ತು. ಆಗಲೂ ನಾನಿಲ್ಲೇ ಇದ್ದೆ.

ನನಗೆ ಸಕ್ಕರೆ ಇಲ್ಲ, ಬಿ12 ಕಡಿಮೆ ಅಂತ ಬಂತು. ಬರೀ ಸಸ್ಯಾಹಾರ ತಿನ್ನೋರಿಗೆ, ಬಹಳ ಕಾಲ ಮೆಟ್‌ಫಾರ್ಮಿನ್ ನುಂಗೋರಿಗೆ ಇದು ಕಡಿಮೆಯಾಗಬಹುದು. ಅದೂ ನರಕ್ಕೆ ಕೆಟ್ಟದ್ದೇ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಮಾತ್ರೆ ಇಲ್ಲವೇ ಇಂಜೆಕ್ಷನ್ ಇದೆ.

ಕೂತ ಭಂಗಿ ಬದಲಿಸಿದಾಗ ಹೋಗುವ ಜೋಮಿಗೆ ಹೆದರಬೇಡಿ. ಮತ್ತೆ ಮತ್ತೆ ಬಂದರೆ, ದಿನಗಟ್ಟಲೆ ಉಳಿದರೆ, ಪಾದ ಎತ್ತಲಾಗದಿದ್ದರೆ ತೋರಿಸಿ. ದಿಢೀರನೆ ದೇಹದ ಒಂದೇ ಬದಿ ಮರಗಟ್ಟಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಜೋಮಲ್ಲ, ಪಾರ್ಶ್ವವಾಯು ಇರಬಹುದು. ತಕ್ಷಣ 911. ಇನ್ಶೂರೆನ್ಸ್ ಇಲ್ಲ ಅಂತ ಮುಂದೂಡಬೇಡಿ. ಆದಾಯಕ್ಕೆ ತಕ್ಕಂತೆ ಶುಲ್ಕ ತಗೊಳ್ಳುವ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳು ಈ ಮೂರೂ ಊರುಗಳಲ್ಲಿವೆ.

ಈಗ ನಾನು ಗಂಟೆಗೊಮ್ಮೆ ವ್ಯಾನ್ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕ್ತೀನಿ. ಮನೆ ಅರ್ಧ ಗಂಟೆ ತಡವಾಗುತ್ತೆ. ಆ ಹೊತ್ತಿನಲ್ಲೇ ಅಪ್ಪನಿಗೆ ಫೋನ್ ಮಾಡ್ತೀನಿ. ಮೊದಲು ಕೇಳೋದು, "ಇವತ್ತು ಪಾದ ನೋಡ್ಕೊಂಡ್ರಾ ಅಪ್ಪಾ?"