ಇಲ್ಲದ ಬಾಡಿಗೆದಾರ

ಮುಂಬಯಿಯ ಹೊರವಲಯದಲ್ಲಿ ನೆಲೆಸಿದ ಕನ್ನಡಿಗರ ಮಾತಿನಲ್ಲಿ ಕೆಲವು ಮರಾಠಿ ಪದಗಳು ಅನುವಾದವಾಗದೆ ಉಳಿದುಕೊಂಡಿವೆ. ‘ಘರಪಟ್ಟಿ’ ಅವುಗಳಲ್ಲೊಂದು. ಆಸ್ತಿ ತೆರಿಗೆ ಎಂದರೆ ನಮಗೆ ಊರಿನ ಹೊಲ, ಹಿತ್ತಲು, ಅಣ್ಣತಮ್ಮಂದಿರ ಪಾಲುಪಟ್ಟಿ ನೆನಪಾಗುತ್ತವೆ. ಘರಪಟ್ಟಿ ಎಂದಾಗ ಮಾತ್ರ ಎರಡು ಕೋಣೆ, ಒಂದು ಅಡಿಗೆಮನೆಯ ನಮ್ಮ ಫ್ಲ್ಯಾಟು ಕಣ್ಣೆದುರಿಗೆ ಬರುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂದು ಊರುಗಳು ನಾಲ್ಕಾದರೂ ಮಹಾನಗರ ಪಾಲಿಕೆಗಳು ಮೂರೇ. ಠಾಣೆಯದು 1982ರಲ್ಲಿ, ಕಲ್ಯಾಣ–ಡೊಂಬಿವಲಿಯದು 1983ರಲ್ಲಿ, ನವಿ ಮುಂಬಯಿಯದು 1992ರಲ್ಲಿ ಆರಂಭವಾದವು. ಮೂರಕ್ಕೂ 1949ರ ಒಂದೇ ಕಾಯಿದೆ ಅನ್ವಯಿಸುತ್ತದೆ. ನಮ್ಮದು ಯಾವ ಪಾಲಿಕೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಸರ್ಕಾರಿ ನೌಕರರಿಗೆ ಕೆಲವು ಸಂಕೋಚಗಳಿರುತ್ತವೆ.

ಈ ಕಾಯಿದೆಯ ತೆರಿಗೆ ನಿಯಮಗಳಲ್ಲಿ ಏಳನೆಯದು ನಮಗೆ ಬಹಳ ಕುತೂಹಲಕರವಾಗಿ ಕಂಡಿದೆ. ಮನೆಯನ್ನು ವರ್ಷದಿಂದ ವರ್ಷಕ್ಕೆ ಬಾಡಿಗೆಗೆ ಕೊಟ್ಟರೆ ನ್ಯಾಯವಾಗಿ ಎಷ್ಟು ಬಾಡಿಗೆ ನಿರೀಕ್ಷಿಸಬಹುದೋ ಅದನ್ನು ಲೆಕ್ಕ ಹಾಕಬೇಕು. ದುರಸ್ತಿ ಮುಂತಾದ ಎಲ್ಲ ಖರ್ಚುಗಳ ಬಾಬ್ತು ಅದರಲ್ಲಿ ಶೇಕಡಾ 10ನ್ನು ಕಳೆಯಬೇಕು. ಉಳಿದದ್ದು ಕರಯೋಗ್ಯ ಮೌಲ್ಯ. ಎಂದರೆ ನೀವು ನಿಮ್ಮದೇ ಮನೆಯಲ್ಲಿ ನಿಮ್ಮದೇ ಚಾಪೆಯ ಮೇಲೆ ಮಲಗಿದ್ದರೂ ಕಾನೂನಿನ ಕಣ್ಣಿಗೆ ಅಲ್ಲೊಬ್ಬ ಬಾಡಿಗೆದಾರ ಇದ್ದಾನೆ. ಅವನಿಗೆ ಹೆಸರಿಲ್ಲ, ಮುಖವಿಲ್ಲ. ಅವನು ಎಷ್ಟು ಕೊಡಬಲ್ಲ ಎಂಬ ಊಹೆಯ ಮೇಲೆ ನಾವು ಎಷ್ಟು ಕೊಡಬೇಕು ಎಂಬುದು ನಿಶ್ಚಯವಾಗುತ್ತದೆ.

ಈ ಮನುಷ್ಯ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬಡವರ ಪೋಷಣೆಗೆಂದು ಅಲ್ಲಿ ಪ್ಯಾರಿಷ್‌ಗಳು ವಸೂಲು ಮಾಡುತ್ತಿದ್ದ ತೆರಿಗೆಯ ಮೌಲ್ಯಮಾಪನವನ್ನು 1836ರ ಕಾಯಿದೆಯೊಂದು ಏಕರೂಪಗೊಳಿಸಿತು. ವರ್ಷದಿಂದ ವರ್ಷಕ್ಕೆ ನ್ಯಾಯವಾಗಿ ನಿರೀಕ್ಷಿಸಬಹುದಾದ ಬಾಡಿಗೆ ಎಂಬ ಮಾತು ಅದರಲ್ಲಿಯೇ ಇದೆ. ಡಿಕನ್ಸ್‌ನ ಪಿಕ್‌ವಿಕ್ ಕಂತುಗಳಾಗಿ ಹೊರಬರತೊಡಗಿದ್ದೂ ಅದೇ ವರ್ಷ. ಇಂಗ್ಲಿಷ್ ಎಂ.ಎ. ಓದುವಾಗ ನಮಗೆ ಪಿಕ್‌ವಿಕ್‌ನ ಪರಿಚಯ ಮಾಡಿಸಿದರು; ಈ ಇನ್ನೊಂದು ಕಾಲ್ಪನಿಕ ಪಾತ್ರದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನೆರೆಯ ಮುಂಬಯಿ 2010ರಿಂದ ಬಂಡವಾಳ ಮೌಲ್ಯದ ಪದ್ಧತಿಗೆ ಹೋಗಿ ಈ ಪಾತ್ರವನ್ನು ಬೀಳ್ಕೊಟ್ಟಿತು. ಕೊಲ್ಲಿಯ ಈಚೆ ದಡದ ನಮ್ಮಲ್ಲಿ ಅವನಿನ್ನೂ ವಾಸವಾಗಿದ್ದಾನೆ.

ಅವನ ಕೈ ಎಷ್ಟು ಧಾರಾಳವಿರಬಹುದು ಎಂಬ ಬಗ್ಗೆ ಸರ್ವೋಚ್ಚ ನ್ಯಾಯಾಲಯದವರೆಗೆ ವಾದಗಳಾಗಿವೆ. 1979ರ ಕೊನೆಗೆ ದಿವಾನ್ ದೌಲತ್ ರಾಯ್ ಕಪೂರ್ ಅವರ ಪ್ರಕರಣದಲ್ಲಿ ನ್ಯಾಯಾಲಯ, ಬಾಡಿಗೆ ನಿಯಂತ್ರಣ ಕಾನೂನು ಇರುವಲ್ಲಿ ಈ ಊಹೆಯ ಬಾಡಿಗೆ ಆ ಕಾನೂನಿನ ನಿಗದಿತ ಬಾಡಿಗೆಯನ್ನು ಮೀರಬಾರದು, ಮಾಲೀಕನೇ ವಾಸವಾಗಿದ್ದರೂ ಮೀರಬಾರದು ಎಂದಿತು. ಇವೆಲ್ಲ ದೊಡ್ಡವರ ವ್ಯಾಜ್ಯಗಳೆಂದೇ ನಾವು ಬಹುಕಾಲ ಭಾವಿಸಿದ್ದೆವು.

2014ರಲ್ಲಿ ನಾಗಪುರಕ್ಕೆ ವರ್ಗವಾದಾಗ ನಾವು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟೆವು. ಕರಾರುಪತ್ರ ನೋಂದಣಿಯಾಗಿತ್ತು, ಪಾಲಿಕೆಗೂ ತಿಳಿಸಲಾಗಿತ್ತು. ಬಿಲ್ಲಿನ ‘ಭೋಗವಟಾದಾರ’ ಎಂಬ ಅಂಕಣದಲ್ಲಿ ನಮ್ಮ ಹೆಸರಿನ ಕೆಳಗೆ ‘ಭಾಡೇಕರು’ ಎಂಬ ಪದ ಸೇರಿ ತೆರಿಗೆ ಸುಮಾರು ಎರಡೂವರೆ ಪಟ್ಟಾಯಿತು. ಬಾಡಿಗೆ ಬರುತ್ತಿದ್ದುದರಿಂದ ಅದರಲ್ಲಿ ದೂರಲು ಏನೂ ಇರಲಿಲ್ಲ. 2018ರ ಜೂನಿನಲ್ಲಿ ಮರಳಿ ಬಂದ ವಾರದಲ್ಲಿಯೇ, ಬಾಡಿಗೆದಾರರು ತೆರವು ಮಾಡಿದ್ದಾರೆ, ಈಗ ನಾವೇ ವಾಸವಾಗಿದ್ದೇವೆ ಎಂದು ಅರ್ಜಿ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ನಮ್ಮ ಬಾಡಿಗೆದಾರ ದಂಪತಿಗಳು ಆ ಹೊತ್ತಿಗಾಗಲೇ ಪುಣೆಗೆ ಹೋಗಿ ಅಲ್ಲಿ ಸ್ವಂತ ಮನೆ ಕೊಂಡಿದ್ದರು. ಕಡತದೊಳಗಿನ ಬಾಡಿಗೆದಾರ ಹೋಗಲಿಲ್ಲ. ಮುಂದಿನ ಬಿಲ್ಲಿನಲ್ಲಿದ್ದ, ಅದರ ಮುಂದಿನದರಲ್ಲೂ ಇದ್ದ. ಮೂರು ನೆನಪೋಲೆಗಳನ್ನು ಬರೆದೆವು. ತಿಂಗಳಿಗೆ ಶೇಕಡಾ 2ರ ದಂಡ ಏರಬಾರದೆಂದು ತಕರಾರನ್ನು ಕಾಯ್ದಿರಿಸಿ ಹಣವನ್ನೂ ಕಟ್ಟುತ್ತ ಹೋದೆವು.

ಇದು ಹೇಗೆ ಸಾಧ್ಯ ಎಂದು ಹುಡುಕಿದಾಗ ಇಪ್ಪತ್ತೊಂದನೆಯ ನಿಯಮ ಸಿಕ್ಕಿತು. ಮೌಲ್ಯಮಾಪನದ ಪುಸ್ತಕವನ್ನು ಪ್ರತಿವರ್ಷ ಹೊಸದಾಗಿ ಬರೆಯಬೇಕಿಲ್ಲ. ಹಳೆಯ ನಮೂದುಗಳನ್ನೇ ಮುಂದುವರಿಸಬಹುದು, ನಾಲ್ಕು ವರ್ಷಕ್ಕೊಮ್ಮೆಯಾದರೂ ಹೊಸದನ್ನು ಮಾಡಿದರೆ ಸಾಕು. ನಡುವೆ ತಿದ್ದಲು ಇಪ್ಪತ್ತನೆಯ ನಿಯಮದಲ್ಲಿ ಅವಕಾಶವಿದೆ, ಆದರೆ ತಿದ್ದುವುದಕ್ಕೆ ಒಂದು ಕೈ ಬೇಕು. ನಮ್ಮ ಕಚೇರಿಯ ಮೇಜಿನ ಮೇಲೂ ಇಂಥ ಅರ್ಜಿಗಳು ಬೀಳುತ್ತವೆ. ದುಃಖವನ್ನು ಮಾತ್ರ ಹೇಳಿ ನಿಯಮದ ಸಂಖ್ಯೆಯನ್ನು ಹೇಳದ ಅರ್ಜಿ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ನಾವು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ.

ಬೆಂಗಳೂರಿನ ಭಾವನವರಿಗೆ ಈ ಪಾಡು ಅರ್ಥವಾಗಲಿಲ್ಲ. “ಅದಕ್ಯಾಕ ವಕೀಲರು? ನಾನ ಕೂತು ಒಂದ ತಾಸಿನ್ಯಾಗ ಫಾರ್ಮು ತುಂಬಿ ರೊಕ್ಕಾ ಕಟ್ಟಿಬಿಡತೇನಿ” ಎಂದರು. ಅಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂತು. 2008ರಿಂದ ವಲಯ, ಅಳತೆ, ವಾಸದ ಬಗೆ ಇವುಗಳನ್ನು ಹಿಡಿದು ಮಾಲೀಕನೇ ಲೆಕ್ಕ ಹಾಕುವ ಕ್ರಮವಾಯಿತು. ಇತ್ತ ಡಲ್ಲಾಸಿನ ಅತ್ತಿಗೆಗೆ ನಮ್ಮ ಮಾತು ತಟ್ಟನೆ ಅರ್ಥವಾಯಿತು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆದ್ದರಿಂದ ಭಾರವೆಲ್ಲ ಮನೆಯ ಮೇಲೆ. ವಸಂತದಲ್ಲಿ ಮೌಲ್ಯಮಾಪನದ ನೋಟಿಸು ಬಂದರೆ ಸಾಮಾನ್ಯವಾಗಿ ಮೇ 15ರೊಳಗೆ ಆಕ್ಷೇಪಿಸಬೇಕು. ಅದಕ್ಕೆಂದೇ ಕಂಪನಿಗಳಿವೆ, ತೆರಿಗೆ ಇಳಿದರೆ ಉಳಿತಾಯದಲ್ಲಿ ಪಾಲು, ಇಳಿಯದಿದ್ದರೆ ಏನೂ ಇಲ್ಲ. ಪ್ರತಿವರ್ಷ ಒಂದು ಸಹಿ ಹಾಕಿ ಅವಳು ಅದನ್ನು ಮರೆತುಬಿಡುತ್ತಾಳೆ.

ಆ ಪಾಲಿನ ವ್ಯವಹಾರ ಇಲ್ಲಿಯೂ ಇದೆ ಎಂದು ನಮಗೆ ಗೊತ್ತಾದದ್ದು ಕೆಳಗಿನ ಮಹಡಿಯ ಕಾಕು ಅವರಿಂದ. ಅವರು ವಿಧವೆ, ಪತಿಯ ಕುಟುಂಬ ಪಿಂಚಣಿಯಲ್ಲಿ ಬದುಕುವವರು. ಕಾಲೇಜಿಗೆಂದು ಬಂದ ಅಣ್ಣನ ಮಗ ಎರಡು ವರ್ಷ ಜೊತೆಗಿದ್ದುದನ್ನು ನೋಡಿ ಯಾರೋ ಅವರ ಮನೆಗೂ ಬಾಡಿಗೆದಾರನನ್ನು ನಮೂದಿಸಿದ್ದರು. ಅವರಿಗೆ ಸಹಾಯಕನಾಗಿ ಒದಗಿದವನು ‘ಟ್ಯಾಕ್ಸ್ ಸಲಹೆಗಾರ’. ಮೊದಲ ವರ್ಷದ ಉಳಿತಾಯದಲ್ಲಿ ಅರ್ಧ, ನಗದಾಗಿ, ರಸೀದಿ ಇಲ್ಲ. ಅವನು ನಮ್ಮಲ್ಲಿಗೂ ಬಂದ, ಚಹಾ ಕುಡಿದ, ಬಿಲ್ಲಿನ ಚಿತ್ರ ತೆಗೆದುಕೊಂಡ. ಅರ್ಜಿಯ ಮೇಲೆ ನಿಮ್ಮ ಹೆಸರು ಇರುತ್ತದೆಯೇ ಎಂದು ಕೇಳಿದಾಗ ನಕ್ಕು, “ನಾಂವಾಚಂ ಕಾಯ್ ಕಾಮ್, ಸಾಹೇಬ್?” ಎಂದ. ಹೆಸರಿನಿಂದೇನು ಕೆಲಸ! ನಾವು ಒಪ್ಪಲಿಲ್ಲ. ಕಾಕು ಒಪ್ಪಿದರು. ನಿಜ ಹೇಳಬೇಕೆಂದರೆ ಅವರ ಬಿಲ್ಲು ಮುಂದಿನ ಅರ್ಧವರ್ಷಕ್ಕೇ ಇಳಿಯಿತು. ನಮ್ಮದು ಇದ್ದಲ್ಲಿಯೇ ಇತ್ತು. ಮೆಟ್ಟಿಲಿನ ಮೇಲೆ ಭೇಟಿಯಾದಾಗಲೆಲ್ಲ ಅವರು ನಮ್ಮನ್ನು ಕನಿಕರದಿಂದ ನೋಡುತ್ತಿದ್ದರು.

2022ರಲ್ಲಿ ಇಬ್ಬರನ್ನು ನೇಮಿಸಿಕೊಂಡೆವು. ಒಬ್ಬರು ನೋಂದಾಯಿತ ಮೌಲ್ಯಮಾಪಕರು, ಇನ್ನೊಬ್ಬರು ಪಾಲಿಕೆಯ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ವಕೀಲರು. ಅಳತೆಗೆ ನಾಲ್ಕು ಸಾವಿರ, ವಕೀಲಿಗೆ ಆರು ಸಾವಿರ, ಎರಡಕ್ಕೂ ರಸೀದಿ. ಉಳಿತಾಯದಲ್ಲಿ ಪಾಲು ತೆಗೆದುಕೊಳ್ಳುವಿರಾ ಎಂದು ನಾವು ಅತ್ತಿಗೆಯ ಮಾತನ್ನು ನೆನೆದು ತಮಾಷೆಗೆ ಕೇಳಿದಾಗ ವಕೀಲರು ತಮಾಷೆ ಮಾಡಲಿಲ್ಲ. ಫಲಿತಾಂಶಕ್ಕೆ ತಳಕು ಹಾಕಿದ ಶುಲ್ಕವನ್ನು ನಮ್ಮ ದೇಶದ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ ಎಂದು ಹೇಳಿ ಮುಂದಿನ ಕಾಗದ ತೆಗೆದರು.

ಮೌಲ್ಯಮಾಪಕರು ಒಂದು ಭಾನುವಾರ ಬಂದು ಟೇಪು ಹಿಡಿದು ಎರಡು ತಾಸು ಅಳೆದರು. ಹದಿನಾಲ್ಕು ವರ್ಷಗಳಿಂದ ನಮ್ಮದೆಂದುಕೊಂಡ ಮನೆಯನ್ನು ಪರಕೀಯನೊಬ್ಬ ಗೋಡೆಯಿಂದ ಗೋಡೆಗೆ ಓದುತ್ತಿರುವುದನ್ನು ನೋಡುವುದು ವಿಚಿತ್ರ ಅನುಭವ. ದೇವರ ಕೋಣೆ ಎಂದು ನಾವು ಕರೆಯುವುದು ಅವರ ನಕ್ಷೆಯಲ್ಲಿ ‘ಗೋಡೆಯೊಳಗಿನ ಗೂಡು’ ಎಂದಾಯಿತು. ಸಂಜೆಗೆ ಅವರು ಹೇಳಿದ ಸಂಗತಿ ನಮಗೆ ಹೊಳೆದೇ ಇರಲಿಲ್ಲ: ಪಾಲಿಕೆಯ ಪುಸ್ತಕದಲ್ಲಿ ನಮ್ಮ ಮನೆ ಇರುವುದಕ್ಕಿಂತ ನಾಲ್ಕು ಚದರ ಮೀಟರು ದೊಡ್ಡದಾಗಿತ್ತು. ಬಾಗಿಲ ಹೊರಗಿನ ಓಣಿಯನ್ನು ಯಾರೋ ಒಳಗೆ ಸೇರಿಸಿದ್ದರು. ಬಾಡಿಗೆದಾರ ಬರುವುದಕ್ಕೆ ಮೊದಲಿನಿಂದಲೂ ನಾವು ಚಪ್ಪಲಿ ಬಿಡುವ ಜಾಗಕ್ಕೆ ತೆರಿಗೆ ಕಟ್ಟುತ್ತಿದ್ದೆವು.

ವಕೀಲರು ಬರೆದ ತಕರಾರು ಅರ್ಜಿ ಒಂದೂವರೆ ಪುಟದ್ದು. ನಮ್ಮ ನೆನಪೋಲೆಗಳು ಅದಕ್ಕಿಂತ ಉದ್ದವಾಗಿದ್ದವು, ಭಾಷೆಯೂ ಚೆನ್ನಾಗಿತ್ತು ಎಂಬ ಅಭಿಪ್ರಾಯ ನಮಗೆ ಈಗಲೂ ಇದೆ. ಆದರೆ ಅವರ ಪ್ರತಿಯೊಂದು ವಾಕ್ಯದ ಹಿಂದೆ ಒಂದು ನಿಯಮ, ಒಂದು ದಾಖಲೆ ಇತ್ತು. ಸುನಾವಣಿಯ ದಿನ ಅಧಿಕಾರಿ ಸೌಜನ್ಯದಿಂದಲೇ ಕೇಳಿದರು: ಬಾಡಿಗೆದಾರ ಹೋದದ್ದಕ್ಕೆ ಪುರಾವೆ ಏನು? ಇಲ್ಲದವನು ಇಲ್ಲ ಎಂದು ಸಾಧಿಸುವುದು ತರ್ಕಶಾಸ್ತ್ರದಲ್ಲಿಯೂ ಕಷ್ಟದ ಕೆಲಸ. ವಕೀಲರು ಮೊಹರು ಬಿದ್ದ 2018ರ ನಕಲನ್ನು ಮೊದಲು ಇಟ್ಟರು. ಅನಂತರ ವರ್ಗಾವಣೆಯ ಆದೇಶ, ಗ್ಯಾಸಿನ ಪುಸ್ತಕ, ಮಗಳ ಶಾಲೆಯ ದಾಖಲೆ, ಸೊಸೈಟಿಯ ಪತ್ರ, ಕೊನೆಗೆ ಅಳತೆಯ ನಕ್ಷೆ. ಹನ್ನೆರಡು ನಿಮಿಷದಲ್ಲಿ ಎಲ್ಲ ಮುಗಿಯಿತು. “ಕರ್ತೋ” ಎಂದರು ಅಧಿಕಾರಿ, ಎಂದರೆ ಮಾಡುತ್ತೇನೆ. ನಾವು ಎದ್ದೆವು, ವಕೀಲರು ಏಳಲಿಲ್ಲ. ಕಾರಣಗಳಿರುವ ಲಿಖಿತ ಆದೇಶ ಬೇಕು ಎಂದು ಅವರು ಮೆಲ್ಲನೆ ಹೇಳಿದರು.

ಹೊರಗೆ ಬಂದ ಮೇಲೆ ಅದರ ಕಾರಣವನ್ನು ವಿವರಿಸಿದರು. ಕಾಯಿದೆಯ 406ನೆಯ ಕಲಮಿನಂತೆ ನ್ಯಾಯಾಧೀಶರ ಮುಂದೆ ಮೇಲ್ಮನವಿ ಹೋಗಬಹುದು, ಆದರೆ ಮೊದಲು ಪಾಲಿಕೆಯಲ್ಲಿ ತಕರಾರು ಸಲ್ಲಿಸಿ ಅದು ಇತ್ಯರ್ಥವಾಗಿರಬೇಕು, 15 ದಿನಗಳೊಳಗೆ ಹೋಗಬೇಕು, ವಿವಾದದ ತೆರಿಗೆಯನ್ನು ಪೂರ್ತಿ ಠೇವಣಿ ಇಟ್ಟಿರಬೇಕು. ಬಾಯಿಮಾತಿನ ‘ಕರ್ತೋ’ ಇತ್ಯರ್ಥವಲ್ಲ. ಕಟ್ಟದೆ ಉಳಿಸಿಕೊಂಡವರಿಗೆ ಆಗಾಗ ‘ಅಭಯ ಯೋಜನೆ’ಯಲ್ಲಿ ದಂಡ ಮನ್ನಾ ಆಗುತ್ತದೆ; ಕಟ್ಟಿ ಜಗಳವಾಡುವವರಿಗೆ ಇಷ್ಟು ಬಾಗಿಲುಗಳು. ಈ ವ್ಯತ್ಯಾಸ ನಮಗೆ ಇಂದಿಗೂ ಜೀರ್ಣವಾಗಿಲ್ಲ.

ಆರು ವಾರಗಳ ಬಳಿಕ ಆದೇಶ ಬಂತು, ಎರಡೇ ಪ್ಯಾರಾ. ಅರ್ಜಿಯ ದಿನದಿಂದ ಸ್ವಂತ ವಾಸವೆಂದು ಒಪ್ಪಿದ್ದರು, ಅಳತೆಯನ್ನು ಆ ವರ್ಷದಿಂದ ತಿದ್ದಿದ್ದರು. ಹೆಚ್ಚಾಗಿ ಕಟ್ಟಿದ್ದನ್ನು ಮುಂದಿನ ಬಿಲ್ಲುಗಳಲ್ಲಿ ವಜಾ ಮಾಡುವುದಾಗಿ ಬರೆದಿದ್ದರು. ಓಣಿಯ ಹಳೆಯ ಬಾಕಿ ಸಿಗಲಿಲ್ಲ. ಅದಕ್ಕಾಗಿ ಮೇಲ್ಮನವಿಗೆ ಹೋದರೆ ಖರ್ಚೇ ಹೆಚ್ಚು ಎಂದು ವಕೀಲರೇ ಬೇಡವೆಂದರು.

ಮರುವರ್ಷದ ಏಪ್ರಿಲಿನಲ್ಲಿ ಹೊಸ ಪುಸ್ತಕ ತಯಾರಾಯಿತು. ಕಾಕು ಅವರ ಮನೆಗೆ ಬಾಡಿಗೆದಾರ ಮರಳಿ ಬಂದ. ಸಲಹೆಗಾರನ ಫೋನು ಬಂದ್. ಕಡತ ತೆಗೆಸಿ ನೋಡಿದರೆ ಅವರ ಬಿಲ್ಲು ಯಾಕೆ ಇಳಿದಿತ್ತು ಎಂಬುದಕ್ಕೆ ಒಂದು ಅರ್ಜಿಯಿಲ್ಲ, ಆದೇಶವಿಲ್ಲ, ಸಹಿಯೂ ಇಲ್ಲ. ಮತ್ತೆ ಏರಿದ್ದನ್ನು ಪ್ರಶ್ನಿಸಲು ಅವರ ಕೈಯಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಅವರು ಆ ಬಿಲ್ಲನ್ನು ಮಡಿಚಿ ಸೆರಗಿನ ತುದಿಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, “ತುಮಚೇ ವಕೀಲ್ ಕಿತೀ ಘೇತಾತ್?” ಎಂದು ಕೇಳಿದರು. ನಿಮ್ಮ ವಕೀಲರು ಎಷ್ಟು ತೆಗೆದುಕೊಳ್ಳುತ್ತಾರೆ?

ಹತ್ತು ಸಾವಿರ ಅವರ ಪಿಂಚಣಿಯಲ್ಲಿ ಸಣ್ಣ ಮೊತ್ತವಲ್ಲ. ವಕೀಲರು ಅರ್ಧ ಶುಲ್ಕಕ್ಕೆ ಒಪ್ಪಿದ್ದಾರೆ, ಅದನ್ನೂ ದೀಪಾವಳಿಯ ನಂತರ ಕೊಟ್ಟರಾಯಿತು ಎಂದಿದ್ದಾರೆ. ಮೌಲ್ಯಮಾಪಕರಿಗೆ ಕೊಡಬೇಕಾದುದನ್ನು ಸೊಸೈಟಿಯಿಂದ ಕೊಡಿಸಬಹುದೇ ಎಂದು ನಾವು ಸಭೆಯಲ್ಲಿ ಕೇಳಿದೆವು. ಆಗ ಇನ್ನೂ ಐದು ಮನೆಯವರು ತಮ್ಮ ಬಿಲ್ಲುಗಳನ್ನು ತಂದರು. ಐದರಲ್ಲಿಯೂ ಬಾಗಿಲ ಹೊರಗಿನ ಓಣಿ ಒಳಗೆ ಬಂದಿದೆ. ಬರುವ ಭಾನುವಾರ ಮೌಲ್ಯಮಾಪಕರು ಟೇಪು ತರುತ್ತಾರೆ. ಅಂದು ಯಾರೂ ಬಾಗಿಲಿನ ಹೊರಗೆ ಚಪ್ಪಲಿಯ ಸ್ಟ್ಯಾಂಡು ಇಡಬಾರದೆಂದು ಕಾರ್ಯದರ್ಶಿಗಳು ಫಲಕದಲ್ಲಿ ಬರೆದಿದ್ದಾರೆ.