ಮಾವನ ಬೇಸ್ ಗಿಟಾರಿನ ‘ಟಿಕ್’

ಹಳೇ ಬೇಸ್ ಗಿಟಾರಿನ ವಂಶಾವಳಿ ಬೇಕಾದರೆ ಅದರ ಹೊಟ್ಟೆ ಬಿಚ್ಚಬೇಕು. ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಪ್ರಿಸಿಷನ್ ಬೇಸ್’ ತಂದ ಮೇಲೆ ಆಳೆತ್ತರದ ಡಬಲ್ ಬೇಸ್ ಹೊರುವವರ ಕಷ್ಟ ತಗ್ಗಿತು. ಆ ಕಾಲದ ಅಮೆರಿಕದ ಗಿಟಾರುಗಳಲ್ಲಿ ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ಅಂಕಿ ಒತ್ತಿರುತ್ತದೆ. 304 6619 ಎಂದಿದ್ದರೆ ಸ್ಟ್ಯಾಕ್‌ಪೋಲ್ ಕಂಪೆನಿ, 1966ನೇ ಇಸವಿ, 19ನೇ ವಾರ. ನಮ್ಮ ಜೋಯಿಸರೂ ಜಾತಕವನ್ನು ಇಷ್ಟು ಸಲೀಸಾಗಿ ಓದಲಾರರು.

ಕಬಕದ ಸೋದರಮಾವನ ಅಟ್ಟದಿಂದ ಇಳಿಸಿದ ಬೇಸಿಗೆ ಇಂಥ ಜಾತಕ ಇರಲಿಲ್ಲ. ತಲೆಯ ಮೇಲಿನ ಕಂಪೆನಿಯ ಹೆಸರನ್ನು ಕೆರೆದು ಆರ್ಕೆಸ್ಟ್ರಾದ ಹೆಸರು ಬರೆದಿದ್ದರು. ತಂಡ ಒಡೆದ ಮೇಲೆ ಅದನ್ನೂ ಕೆರೆದಿದ್ದರು. ನಂಬರು ಇರಬೇಕಾದ ಹಿಂದಿನ ತಗಡಿನ ಜಾಗದಲ್ಲಿ ಬಾಗಿಲಿನ ಬಿಜಾಗರಿಯ ತುಂಡು. ಒಡೆದ ಮೂಲೆಗೆ ಹಲಸಿನ ಹಲಗೆ. ಹೊಸ ತಂತಿಗೆ ದುಡ್ಡಿಲ್ಲದಾಗ ಹಳೆಯದನ್ನೇ ಬಚ್ಚಲ ಹಂಡೆಯಲ್ಲಿ ಕುದಿಸಿ ಜಿಡ್ಡು ಬಿಡಿಸುತ್ತಿದ್ದರಂತೆ. ಬಂಟ್ವಾಳದ ಕಡೆ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಗಮಕಕ್ಕೆ ಬಗ್ಗಿಸಿದರು. ನಮ್ಮ ಮಾವ ಬೇಸನ್ನು ಕಿಸೆಗೆ ಬಗ್ಗಿಸಿದರು.

ನನಗೆ ಸುಳಿವು ಸಿಕ್ಕಿದ್ದು ಕಿವಿಗೆ. ವಾಲ್ಯೂಮ್ ಪೂರ್ತಿ ಇಳಿಸಿದರೆ ಕೊನೆಯಲ್ಲಿ ‘ಟಿಕ್’ ಎನ್ನುತ್ತಿತ್ತು. ಬೇಸ್ ಗಿಟಾರು ಹಾಗೆ ಟಿಕ್ಕೆನ್ನುವುದಿಲ್ಲ; ಟಿಕ್ಕೆನ್ನುವುದು ಹಳೇ ರೇಡಿಯೋ, ಅದರಲ್ಲಿ ಸ್ವಿಚ್ಚೂ ವಾಲ್ಯೂಮೂ ಒಂದೇ ತಿರುಗಣೆಯಲ್ಲಿ.

“ಮಾವ, ಇದು ಎಲ್ಲಿಂದ?”

“ಎಂತ ಮಾಡುದು ಮಾರಾಯ, ರಾತ್ರಿಗೆ ಪ್ರೋಗ್ರಾಂ ಇತ್ತು.”

ನಮ್ಮ ಕುಟುಂಬದ ಎರಡು ಒಗಟು ಅಲ್ಲಿಗೆ ಬಿಡಿಸಿದಂತಾಯಿತು. ಅಜ್ಜನ ರೇಡಿಯೋ ಮಂಗಳೂರು ಆಕಾಶವಾಣಿಯ ಕೃಷಿ ಕಾರ್ಯಕ್ರಮವನ್ನು ಇಡೀ ಅಡಿಕೆ ತೋಟಕ್ಕೆ ಸಾರುತ್ತಿತ್ತು. ಅಜ್ಜನಿಗೆ ಕಿವಿ ಮಂದ ಎಂದುಕೊಂಡಿದ್ದೆವು. ದಿನಾ ರಾತ್ರಿ ಅವರು ಸೆಲ್ ತೆಗೆದಿಡುತ್ತಿದ್ದರು, ಜಿಪುಣತನ ಎಂದುಕೊಂಡಿದ್ದೆವು. ಮಾವ ಕಂಟ್ರೋಲು ಕಿತ್ತು ವಯರು ಜೋಡಿಸಿಬಿಟ್ಟಿದ್ದರಿಂದ ಆ ರೇಡಿಯೋಕ್ಕೆ ತಗ್ಗುವುದೂ ಗೊತ್ತಿರಲಿಲ್ಲ, ಆರುವುದೂ ಗೊತ್ತಿರಲಿಲ್ಲ.

“ಅಜ್ಜನಿಗೆ ಗೊತ್ತಿತ್ತಾ?”

ಪುತ್ತೂರು ಜಾತ್ರೆಯ ಸಮಯದಲ್ಲಿ ಒಂದು ರಸಮಂಜರಿಗೆ ಅಜ್ಜ ಬಂದು ಹಿಂದೆ ನಿಂತಿದ್ದರಂತೆ. ಕೀಬೋರ್ಡು, ಡ್ರಮ್ಮು, ಹಾಡುವ ಹುಡುಗಿ ಎಲ್ಲ ಕೇಳುತ್ತಿತ್ತು. ಬೇಸ್ ಬಾರಿಸುವವನ ಪಾಡೇ ಅಷ್ಟು, ನಿಲ್ಲಿಸಿದಾಗ ಮಾತ್ರ ಜನರಿಗೆ ಏನೋ ಕಮ್ಮಿ ಎನಿಸುವುದು. ಮನೆಗೆ ಬಂದು ಅಜ್ಜ ಹೇಳಿದ್ದು ಒಂದೇ ಮಾತು: “ಮನೆಯಲ್ಲಿ ನನ್ನದು ಅಷ್ಟು ಬೊಬ್ಬೆ ಹೊಡೀತದೆ, ಅಲ್ಲಿ ನಿನ್ನದು ಕೇಳುದೇ ಇಲ್ಲ!”

ಬೆಂಗಳೂರಿನ ಸ್ನೇಹಿತನೊಬ್ಬನಿಗೆ ಹಳೇ ವಾದ್ಯಗಳ ಹುಚ್ಚು. ಒರಿಜಿನಲ್ ಭಾಗ ಹಾಕಿಸಿದರೆ ಬೆಲೆ ಏರುತ್ತದೆ ಎಂದು ಫೋನಿನಲ್ಲಿ ಹೇಳಿದ. ಮಾವನಿಗೆ ದಾಟಿಸಿದೆ.

“ಒರಿಜಿನಲ್ ಮಾಡುದಾದರೆ ಮೊದಲು ರೇಡಿಯೋವನ್ನು ಮಾಡ್ಬೇಕಲ್ವಾ?” ಎಂದರು.

ಒಳಗಿನಿಂದ ಅತ್ತೆ ಕೂಗಿದರು: “ಯಾವ ರೇಡಿಯೋ? ಅದನ್ನು ಗುಜರಿಯವನಿಗೆ ಕೊಟ್ಟೇ ಅಲ್ವಾ ಈ ಇಡ್ಲಿ ಅಟ್ಟಿನಳಗೆ ತಕ್ಕೊಂಡದ್ದು!”